ಮುಳ್ಳು ಇಳಿಯಿತೆಂದು ಗಾಡಿ ಬಿಟ್ಟಿರಿ, ಎಡವಟ್ಟಾದದ್ದು ಅಲ್ಲೇ

ಪ್ರಶ್ನೆ: ನಾವು ಹಾಸನದವರು. ಸಂಕ್ರಾಂತಿ ಕಳೆದ ಭಾನುವಾರ ನಾನು, ಹೆಂಡತಿ, 71 ವರ್ಷದ ಅಮ್ಮ, ಇಬ್ಬರು ಮಕ್ಕಳು ಮುಳ್ಳಯ್ಯನಗಿರಿಗೆ ಹೊರಟೆವು. ಒಂಬತ್ತು ವರ್ಷದ ಸಣ್ಣ ಪೆಟ್ರೋಲ್ ಕಾರು, 84,000 ಕಿ.ಮೀ. ಓಡಿದೆ. ಹಿಂದಿನ ವಾರ ಜಾವಗಲ್ ಹತ್ತಿರದ ಮಾವನ ಮನೆಗೆ ಹೋಗಿ ಬಂದಾಗ ಏನೂ ತೊಂದರೆ ಇರಲಿಲ್ಲ. ಅವತ್ತು ಬೇಲೂರು ದಾಟುತ್ತಿದ್ದಂತೆ ಹೆಂಡತಿ "ಬೆಲ್ಲ ಕಾಸಿದ ಹಾಗೆ ವಾಸನೆ ಬರ್ತಿದೆ" ಅಂದಳು. ಎಲ್ಲೋ ಆಲೆಮನೆ ಇರಬೇಕು ಅಂದೆ. ಗಿರಿಯ ಬುಡದ ಕೈಮರ ದಾಟಿ ಏರು ಹತ್ತುವಾಗ ಮುಂದೆ ಗಾಡಿಗಳ ಸಾಲು, ತೆವಳಿಕೊಂಡೇ ಹೋದೆವು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಯಿತು. ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ತಾನಾಗಿಯೇ ಕೆಳಗಿಳಿಯಿತು. ಸರಿಹೋಯಿತು ಅಂತ ಮುಂದುವರಿದೆ. ಸೀತಾಳಯ್ಯನಗಿರಿ ಇನ್ನೇನು ಬಂತು ಅನ್ನುವಾಗ ಬಾನೆಟ್‌ನಿಂದ ಹಬೆ ಎದ್ದು ಗಾಡಿ ಎಳೆಯದಾಯಿತು. ಜೀಪಿನವರೊಬ್ಬರು ಬಂದು ಬಟ್ಟೆ ಹಿಡಿದು ಕ್ಯಾಪ್ ಬಿಚ್ಚಿದರು, ಅವರ ಕೈಗೂ ಸ್ವಲ್ಪ ಬಿಸಿ ತಾಗಿತು. ಎರಡು ಬಾಟಲಿ ನೀರು ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಗಾಡಿ ತಿರುಗಿಸಿದೆವು. ಇನ್ನೊಬ್ಬರು "ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸಿಬಿಡಿ" ಅಂದರು. ಹಾಗೇ ಇಳಿಸಿದರೆ ಬ್ರೇಕ್ ಕಲ್ಲಾಯಿತು, ಸ್ಟೇರಿಂಗ್ ಬಿಗಿಯಾಯಿತು. ಹೆದರಿ ಮತ್ತೆ ಸ್ಟಾರ್ಟ್ ಮಾಡಿದೆ. ಕೈಮರದ ಹತ್ತಿರ ಪೂರ್ತಿ ನಿಂತಿತು. ಅಮ್ಮ ಅಷ್ಟು ಹೊತ್ತೂ ಕಾರಿನಲ್ಲೇ ಕೂತಿದ್ದರು, ಅವರ ಬಿಪಿ ಮಾತ್ರೆ ಡಿಕ್ಕಿಯ ಬ್ಯಾಗಿನ ತಳದಲ್ಲಿತ್ತು. ಆಮೇಲೆ ಪಿಕಪ್‌ಗೆ ಹಗ್ಗ ಕಟ್ಟಿ ಚಿಕ್ಕಮಗಳೂರಿನ ಗ್ಯಾರೇಜಿಗೆ ತಂದೆವು. ಹೆಡ್ ಗ್ಯಾಸ್ಕೆಟ್ ಹೋಗಿದೆ, 22,000 ರೂಪಾಯಿ ಆಗುತ್ತದೆ ಅನ್ನುತ್ತಿದ್ದಾರೆ. ಹಾಸನದ ಪರಿಚಯದ ಮೆಕ್ಯಾನಿಕ್ "ಪೌಡರ್ ಹಾಕಿ, ಥರ್ಮೋಸ್ಟಾಟ್ ಕಿತ್ತುಹಾಕಿ, ಮಾರಿಬಿಡಿ" ಅನ್ನುತ್ತಾರೆ. ಫೋಟೋ ಕಳಿಸಿದ್ದೇನೆ. ತಪ್ಪು ಯಾರದು? ರಿಪೇರಿ ಮಾಡಿಸಲೇ, ಮಾರಲೇ? ಹಳೇ ಕಾರಿನಲ್ಲಿ ಗಿರಿ ಹತ್ತಲೇಬಾರದೇ? ಹೆಂಡತಿಯಂತೂ ಇನ್ನು ಆ ಕಾರು ಹತ್ತುವುದಿಲ್ಲ ಎಂದು ಕೂತಿದ್ದಾಳೆ.

ಉತ್ತರ: ಅದು ಆಲೆಮನೆ ಅಲ್ಲ ಸರ್, ನಿಮ್ಮ ರೇಡಿಯೇಟರ್.

ಎಂಜಿನ್ ತಣ್ಣಗಿಡಲು ರೇಡಿಯೇಟರ್‌ನಲ್ಲಿ ಓಡಾಡುವ ಕೂಲಂಟ್‌ನಲ್ಲಿ ಗ್ಲೈಕಾಲ್ ಇರುತ್ತದೆ, ಅದಕ್ಕೆ ಸಿಹಿ ವಾಸನೆ. ಬಿಸಿ ಎಂಜಿನ್ ಮೇಲೆ ನಾಲ್ಕು ಹನಿ ಬಿದ್ದರೂ ಪಾಕ ಕಾಯಿಸಿದ ಹಾಗೆ ಮೂಗಿಗೆ ಬಡಿಯುತ್ತದೆ. ಜನವರಿಯಲ್ಲಿ ಕಬ್ಬು ಅರೆಯುವವರೂ ಇರುತ್ತಾರೆ, ನೀವು ಹಾಗಂದುಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆಲೆಮನೆ ವಾಸನೆ ಒಂದು ಫರ್ಲಾಂಗು ದಾಟಿದರೆ ಹಿಂದೆ ಉಳಿಯುತ್ತದೆ, ಇದು ಜೊತೆಗೇ ಬರುತ್ತದೆ. ನಿಮ್ಮ ಮನೆಯವರ ಮೂಗು ಬೇಲೂರಿನಲ್ಲೇ ಹೇಳಿದ್ದನ್ನು ಡ್ಯಾಶ್‌ಬೋರ್ಡ್ ಹೇಳಿದ್ದು ಕೈಮರ ದಾಟಿದ ಮೇಲೆ. ನಡುವೆ ಮೂವತ್ತು ಕಿಲೋಮೀಟರ್‌ನಷ್ಟು ಹೋಯಿತು.

22,000 ಸುರಿಯಬೇಕೋ ಬೇಡವೋ ಅನ್ನುವುದಕ್ಕಿಂತ, ಮನೆಯವರ ಮುಂದೆ ನೀವು ತಪ್ಪು ಮಾಡಿದಿರೋ ಇಲ್ಲವೋ ಅನ್ನುವುದೇ ನಿಮ್ಮನ್ನು ಹೆಚ್ಚು ಕೊರೆಯುತ್ತಿದೆ ಅಂತ ಪತ್ರ ಓದಿದರೆ ಅನ್ನಿಸುತ್ತದೆ. ಎರಡಕ್ಕೂ ಹೇಳುತ್ತೇನೆ. ಆದರೆ ಇಡೀ ಪತ್ರದಲ್ಲಿ ನನಗೆ ಮೈ ಜುಮ್ಮೆಂದದ್ದು ಬೇರೆ ಒಂದು ಸಾಲು, ಅದರ ಬಗ್ಗೆ ನೀವು ಕೇಳಿಯೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಫೋಟೋ. ಎರಡನೆಯದನ್ನು ದೊಡ್ಡದು ಮಾಡಿ ನೋಡಿದೆ. ರೇಡಿಯೇಟರ್‌ನ ಅಲ್ಯೂಮಿನಿಯಂ ಜಾಲರಿಗೆ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಕೂಡುವ ಅಂಚಿನಲ್ಲಿ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿಕೊಂಡಿದೆ, ಹಳೇ ಗೋಡೆಗೆ ಉಪ್ಪು ಏರಿದ ಹಾಗೆ. ಒಂದು ದಿನದ ಸೋರಿಕೆಗೆ ಹಾಗೆ ಕಟ್ಟುವುದಿಲ್ಲ, ತಿಂಗಳುಗಳಿಂದ ಜಿನುಗಿ ಒಣಗಿದ್ದು. ಎಂಟು ಹತ್ತು ವರ್ಷವಾದ ಗಾಡಿಗಳಲ್ಲಿ ಈ ಪ್ಲಾಸ್ಟಿಕ್ ಬಿಸಿಗೆ ಸೆಟೆದು ಕೂದಲೆಳೆಯಷ್ಟು ಸೀಳು ಬಿಡುವುದು ನನ್ನ ಗ್ಯಾರೇಜಿನಲ್ಲಿ ಹೊಸದೇನಲ್ಲ. ತಣ್ಣಗಿರುವಾಗ ಸೀಳು ಮುಚ್ಚಿಕೊಂಡಿರುತ್ತದೆ, ನೆಲದ ಮೇಲೆ ಒಂದು ಹನಿ ಕಾಣುವುದಿಲ್ಲ. ಎಂಜಿನ್ ಕಾದು ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಮಟ್ಟ ಇಳಿದಾಗೆಲ್ಲ ಯಾರೋ ಬರೀ ನೀರು ಸೇರಿಸುತ್ತಾ ಬಂದಿದ್ದಾರೆ, ರಿಸರ್ವಾಯರ್ ಡಬ್ಬಿಯ ಬಣ್ಣ ಹಸಿರು ಹೋಗಿ ಮಜ್ಜಿಗೆ ನೀರಿನ ಹಾಗಾಗಿದೆ.

ಮೂರನೇ ಫೋಟೋ ಇನ್ನೂ ಸ್ವಾರಸ್ಯ. ಮುಂಭಾಗದ ಎಸಿ ಜಾಲರಿಯ ಕೆಳಗಿನ ಅರ್ಧಕ್ಕೆ ಒಣ ಹೊಟ್ಟು ಮೆತ್ತಿಕೊಂಡಿದೆ, ಒಂದೆರಡು ಕಡ್ಡಿಗಳು ಎದ್ದು ಕಾಣುತ್ತವೆ. ಅದು ಹುರುಳಿ. ಜಾವಗಲ್, ಅರಸೀಕೆರೆ ಕಡೆ ಈಗ ರಸ್ತೆಯೇ ಕಣ. ಹುರುಳಿ, ರಾಗಿ ಹಾಸಿರುತ್ತಾರೆ, ನಮ್ಮ ಗಾಡಿಗಳು ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಕೂಲಿಯಾಗಿ ಅರ್ಧ ಸೇರು ಹೊಟ್ಟು ರೇಡಿಯೇಟರ್ ಮುಂದೆ. ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಅಂಥ ರಸ್ತೆ ದಾಟಿದ ಮೇಲೆ ಒಮ್ಮೆ ನಿಲ್ಲಿಸಿ ಬಗ್ಗಿ ನೋಡಬೇಕು.

ಹಾಗಿದ್ದರೆ ಹಿಂದಿನ ವಾರ ಯಾಕೆ ತೊಂದರೆ ಆಗಲಿಲ್ಲ? ಬಯಲು ರಸ್ತೆಯಲ್ಲಿ 60ರ ವೇಗದಲ್ಲಿ ಹೋಗುವಾಗ ಅರ್ಧ ಮುಚ್ಚಿದ ಜಾಲರಿಗೂ ಸಾಕಾಗುವಷ್ಟು ಗಾಳಿ ನುಗ್ಗುತ್ತದೆ. ಗಿರಿಯ ಲೆಕ್ಕ ಬೇರೆ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ 1,000 ಮೀಟರ್ ಚಿಲ್ಲರೆ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿಯಲ್ಲಿ ಐದು ಜನರನ್ನು, ಬುತ್ತಿ ಬ್ಯಾಗನ್ನು ಅಷ್ಟು ಮೇಲಕ್ಕೆ ಹೊರಬೇಕು. ಎಂಜಿನ್ ಪೂರ್ತಿ ದುಡಿಯುತ್ತಿದೆ, ಗಾಡಿ ಮಾತ್ರ ನಡಿಗೆಯ ವೇಗದಲ್ಲಿದೆ. ಎದುರುಗಾಳಿ ಇಲ್ಲ, ಎಲ್ಲ ಭಾರವೂ ಒಂದು ಸಣ್ಣ ಎಲೆಕ್ಟ್ರಿಕ್ ಫ್ಯಾನಿನ ಮೇಲೆ. ಮೇಲಿಂದ ಎಸಿ ಬೇರೆ.

ಇನ್ನೊಂದು ಸಂಗತಿ, ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಎತ್ತರಕ್ಕೆ ಹೋದಷ್ಟೂ ನೀರು ಬೇಗ ಕುದಿಯುತ್ತದೆ. ಗಿರಿಯ ಮೇಲೆ ತೆರೆದ ಪಾತ್ರೆಯಲ್ಲಿ ಸುಮಾರು 94 ಡಿಗ್ರಿಗೇ ಕುದಿ ಬರುತ್ತದೆ. ಎಂಜಿನ್ ಆರೋಗ್ಯವಾಗಿದ್ದಾಗಲೂ 90ರ ಆಸುಪಾಸಿನಲ್ಲೇ ಇರುತ್ತದೆ. ಹಾಗಾದರೆ ದಿನಾ ಕುದಿಯಬೇಕಿತ್ತಲ್ಲ? ಕುದಿಯದ ಹಾಗೆ ಕಾಯುವುದು ರೇಡಿಯೇಟರ್ ಕ್ಯಾಪ್. ಅದು ಕುಕ್ಕರ್ ವೆಯ್ಟ್ ಇದ್ದ ಹಾಗೆ, ಒಳಗೆ ಒತ್ತಡ ಹಿಡಿದು ಕುದಿಬಿಂದುವನ್ನು 115 ಡಿಗ್ರಿ ಆಚೆಗೆ ತಳ್ಳುತ್ತದೆ, ಕೂಲಂಟ್ ಸರಿಯಾಗಿ ಬೆರೆಸಿದ್ದರೆ ಇನ್ನೂ ಸ್ವಲ್ಪ ಮೇಲೆ. ಸೀಳಿದ ಟ್ಯಾಂಕ್ ಒತ್ತಡ ಹಿಡಿಯುವುದಿಲ್ಲ. ಗ್ಯಾಸ್ಕೆಟ್ ಸವೆದ ಕುಕ್ಕರಿನಲ್ಲಿ ಬೇಳೆ ಬೇಯುವುದಿಲ್ಲವಲ್ಲ, ಅದೇ ಕಥೆ.

ಇಷ್ಟಾದರೂ ನಿಮ್ಮ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ನ ಬ್ಲಾಕಿಗೂ ಅದರ ಮೇಲಿನ ಮುಚ್ಚಳದಂಥ ಹೆಡ್‌ಗೂ ನಡುವೆ ಕೂರುವ ತೆಳು ಸೀಲ್, ಉಳಿಯುತ್ತಿತ್ತು. ಮುಳ್ಳು ಕೆಂಪಿಗೆ ಹೋದ ಆ ಗಳಿಗೆಯಲ್ಲಿ ನಿಲ್ಲಿಸಿದ್ದರೆ ಒಂದು ರೇಡಿಯೇಟರ್‌ನ ಖರ್ಚಿನಲ್ಲಿ ಮುಗಿಯುತ್ತಿತ್ತು ಎಂಬುದು ನನ್ನ ಅಂದಾಜು. ನಿಮಗೆ ಮೋಸ ಮಾಡಿದ್ದು ಮುಳ್ಳು ಇಳಿದದ್ದು. ಬಿಸಿ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತದೆ. ಕೂಲಂಟ್ ಸೋರಿ ಮಟ್ಟ ಅದಕ್ಕಿಂತ ಕೆಳಗಿಳಿದರೆ ಸೆನ್ಸರ್ ಸುತ್ತ ಬರೀ ಹಬೆ, ಗಾಳಿ. ಆಗ ಮುಳ್ಳು ತಾನಾಗಿ ಇಳಿಯುತ್ತದೆ, ಎಂಜಿನ್ ಮಾತ್ರ ಒಳಗೇ ಸುಡುತ್ತಿರುತ್ತದೆ. ಬಾವಿಗೆ ಬಿಟ್ಟ ಕೊಡ ಹಗುರವಾಗಿ ಮೇಲೆ ಬಂದರೆ ಕೈಗೆ ಸುಖವೇ, ಕೊಡದಲ್ಲಿ ನೀರಿಲ್ಲ ಅಷ್ಟೆ. ಏರಿನ ಮಧ್ಯೆ, ವೇಗ ಬದಲಾಗದೆ, ಯಾವ ಕಾರಣವೂ ಇಲ್ಲದೆ ಮುಳ್ಳು ಇಳಿದರೆ ಅದು ಕೆಂಪಿಗಿಂತ ಕೆಟ್ಟ ಸೂಚನೆ.

ಇದನ್ನು ಪರೀಕ್ಷಿಸಲು ಕೂತಲ್ಲೇ ಒಂದು ದಾರಿ ಇದೆ. ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರು ಮಾಡಿ. "ಹೀಟರ್ ಹಾಕಿದರೆ ಎಂಜಿನ್ ತಣ್ಣಗಾಗುತ್ತದೆ" ಅನ್ನುವ ಮಾತನ್ನು ಜನ ತಮಾಷೆ ಅಂದುಕೊಳ್ಳುತ್ತಾರೆ, ಅದು ನಿಜ. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಹಿಂದಿರುವ ಇನ್ನೊಂದು ಪುಟ್ಟ ರೇಡಿಯೇಟರ್, ಎಂಜಿನ್ ಬಿಸಿಯನ್ನೇ ಒಳಗೆ ಊದುತ್ತದೆ. ಮಕ್ಕಳು ಬೊಬ್ಬೆ ಹೊಡೆಯುತ್ತಾರೆ, ಕಿಟಕಿ ಇಳಿಸಿ. ಬಿಸಿ ಗಾಳಿ ಬಂದರೆ ಕೂಲಂಟ್ ಇನ್ನೂ ಓಡಾಡುತ್ತಿದೆ, ನಿಲ್ಲಿಸುವ ಜಾಗದವರೆಗೆ ಹೋಗಲು ಒಂದೆರಡು ನಿಮಿಷ ಸಿಕ್ಕಿತು. ಎಂಜಿನ್ ಕಾದಿದ್ದೂ ತಣ್ಣನೆ ಗಾಳಿ ಬಂದರೆ ಒಳಗೆ ನೀರೇ ಇಲ್ಲ, ಇನ್ನು ಒಂದು ತಿರುವೂ ಓಡಿಸುವಂತಿಲ್ಲ.

ಈಗ ಜೀಪಿನವರ ವಿಷಯ. ಅವರ ಮೇಲೆ ಬೇಸರ ಇಟ್ಟುಕೊಳ್ಳಬೇಡಿ. ನೀರು ಸುರಿಯುವ ಅಭ್ಯಾಸ ಹಳೆಯ ಚಾರ್ಮಾಡಿ, ಶಿರಾಡಿ ದಿನಗಳದು. ಆಗಿನ ಅಂಬಾಸಿಡರ್, ಜೀಪುಗಳ ಹೆಡ್ ಬೀಡು ಕಬ್ಬಿಣದ್ದು. ಘಾಟಿಯಲ್ಲಿ ಝರಿ ಕಂಡಲ್ಲಿ ನಿಲ್ಲಿಸಿ ಕ್ಯಾನಿನಲ್ಲಿ ನೀರು ಹಿಡಿದು ಹಾಕುತ್ತಿದ್ದರು, ತಡೆದುಕೊಳ್ಳುತ್ತಿತ್ತು. ಈಗಿನ ಹೆಡ್ ಅಲ್ಯೂಮಿನಿಯಂ. ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ತಣ್ಣೀರು ಬಿದ್ದರೆ ಅಷ್ಟೇ ವೇಗವಾಗಿ ಕುಗ್ಗಿ ತಿರುಚಿಕೊಳ್ಳುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ. ಅಂದರೆ ಅವರು ಹಾಕಿದ ಎರಡು ಬಾಟಲಿ ನೀರು ಹಾನಿಗೆ ಸ್ವಲ್ಪ ಸೇರಿಸಿರಬಹುದು, ಶುರು ಮಾಡಿದ್ದಲ್ಲ. ಕ್ಯಾಪ್ ಬಿಚ್ಚಿದ್ದು ಮಾತ್ರ ಅವರ ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ನನ್ನ ಎಡಗೈಯ ಒಳಭಾಗದಲ್ಲಿ ಇವತ್ತಿಗೂ ಅಂಗೈ ಅಗಲ ಕಲೆ ಇದೆ. ಹೆಲ್ಪರ್ ಆಗಿದ್ದಾಗ ಒದ್ದೆ ಗೋಣಿ ಹಿಡಿದು ಒಂದು ಹಳೇ ಡೀಸೆಲ್ ಜೀಪಿನ ಕ್ಯಾಪ್ ಕಾಲು ಸುತ್ತು ತಿರುಗಿಸಿದ್ದೆ, ಅಷ್ಟೇ. ಒತ್ತಡ ಬಿಟ್ಟ ತಕ್ಷಣ ಒಳಗಿನ 110 ಡಿಗ್ರಿ ನೀರು ಒಮ್ಮೆಗೇ ಹಬೆಯಾಗಿ ಚಿಮ್ಮುತ್ತದೆ. ಬಟ್ಟೆ ಅದನ್ನು ಹೀರಿ ಕೈಗೆ ಅಂಟಿಸುತ್ತದೆ, ಅದು ಇನ್ನೂ ಕೆಟ್ಟದ್ದು.

ಕ್ಯಾಪ್ ಮುಟ್ಟುವ ಮೊದಲು ಮುಕ್ಕಾಲು ಗಂಟೆ ಕಾಯಬೇಕು. ಹಬೆ ನುಗ್ಗುತ್ತಿರುವಾಗ ಬಾನೆಟ್ ಕೂಡ ಎತ್ತಬಾರದು. ಎತ್ತಿದ ಮೇಲೂ ಸೆರಗು, ವೇಲು ದೂರ ಇರಲಿ, ಎಂಜಿನ್ ನಿಂತಿದ್ದರೂ ಫ್ಯಾನ್ ಇದ್ದಕ್ಕಿದ್ದಂತೆ ತಿರುಗುವುದುಂಟು. ಮೇಲಿನ ದಪ್ಪ ಹೋಸ್ ಪೈಪನ್ನು ಹುಷಾರಾಗಿ ಒತ್ತಿ ನೋಡಿ, ಕಲ್ಲಿನಂತಿದ್ದರೆ ಒಳಗೆ ಒತ್ತಡ ಇದೆ, ಮೆತ್ತಗಾಗಿದ್ದರೆ ಆಗ ಕ್ಯಾಪ್. ನೀರು ಯಾವುದಾದರೂ ನಡೆಯುತ್ತದೆ, ಕುಡಿಯುವ ನೀರೂ ಆದೀತು, ನಿಧಾನಕ್ಕೆ ಹಾಕಬೇಕು. ಊರಿಗೆ ಬಂದ ಮೇಲೆ ಅದನ್ನೆಲ್ಲ ಖಾಲಿ ಮಾಡಿಸಿ ಕೂಲಂಟ್ ತುಂಬಿಸಿದರಾಯಿತು.

ನಾನು ಆಮೇಲೆ ಬರುತ್ತೇನೆ ಅಂದ ಸಾಲು ಇದು: "ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಸಿಬಿಡಿ." ಎಂಜಿನ್ ಸುಟ್ಟರೆ ದುಡ್ಡು ಹೋಗುತ್ತದೆ. ಇದರಲ್ಲಿ ಕಾರಿನಲ್ಲಿದ್ದ ಐದೂ ಜನ ಹೋಗಬಹುದಿತ್ತು. ನೀವು ಬ್ರೇಕ್ ಪೆಡಲ್ ತುಳಿದಾಗ ನಿಮ್ಮ ಕಾಲಿನ ಬಲವನ್ನು ಹಲವು ಪಟ್ಟು ಹೆಚ್ಚಿಸುವುದು ಬೂಸ್ಟರ್. ಅದು ನಡೆಯುವುದು ಓಡುವ ಎಂಜಿನ್ ಎಳೆಯುವ ವ್ಯಾಕ್ಯೂಮ್‌ನಿಂದ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೇರಿಂಗ್ ಕೂಡ ಅದರ ಜೊತೆಗೇ ಕೈಕೊಡುತ್ತದೆ. ಗೇರ್ ಇಲ್ಲದ್ದರಿಂದ ಎಂಜಿನ್ ಹಿಡಿತವೂ ಇಲ್ಲ. ಅಪ್ಪಿತಪ್ಪಿ ಕೀಲಿ ಹಿಂದಕ್ಕೆ ಎಳೆದಿದ್ದರೆ ಸ್ಟೇರಿಂಗ್ ಲಾಕ್ ಆಗುತ್ತಿತ್ತು. ಒಂದು ಕಡೆ ಗುಡ್ಡದ ಬರೆ, ಇನ್ನೊಂದು ಕಡೆ ಕಣಿವೆ ಇರುವ ಆ ರಸ್ತೆಯಲ್ಲಿ! ನೀವು ಹೆದರಿ ಸ್ಟಾರ್ಟ್ ಮಾಡಿದಿರಲ್ಲ, ಅವತ್ತು ನೀವು ಮಾಡಿದ ಅತ್ಯಂತ ಸರಿಯಾದ ಕೆಲಸ ಅದು. ಗ್ಯಾಸ್ಕೆಟ್ ಪೂರ್ತಿ ಹೋದದ್ದು ಆಗಲೇ ಇರಬಹುದು, ಹೋಗಲಿ ಬಿಡಿ.

ಹಗ್ಗ ಕಟ್ಟಿ ಎಳೆದದ್ದಕ್ಕೂ ಇದೇ ಮಾತು. ಬಯಲಿನಲ್ಲಿ ಒಂದು ಕಿಲೋಮೀಟರ್ ಎಳೆದರೆ ಏನೋ ಸರಿ. ಇಳಿಜಾರಿನಲ್ಲಿ ಬೂಸ್ಟರ್ ಇಲ್ಲದ ಗಾಡಿ ಮುಂದಿನ ಗಾಡಿಯ ಹಿಂಭಾಗಕ್ಕೆ ಹೋಗಿ ಗುದ್ದುತ್ತದೆ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಗೇರ್‌ಬಾಕ್ಸೂ ಹೋಗುತ್ತದೆ. ಗಾಡಿಯನ್ನು ಪೂರ್ತಿ ಮೇಲೆ ಹೊತ್ತು ತರುವ ಟೋಯಿಂಗ್ ಲಾರಿಗೆ ಕಾಯಿರಿ, ತಡವಾದರೂ. ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್ ಸೈಡ್ ಅಸಿಸ್ಟೆನ್ಸ್ ಸೇರಿದ್ದರೆ ಟೋಯಿಂಗ್ ಸಿಗುತ್ತದೆ, ಎಷ್ಟು ದೂರಕ್ಕೆ ಅಂತ ಪಾಲಿಸಿಯಲ್ಲೇ ಇರುತ್ತದೆ. ಎಷ್ಟೋ ಜನ ದುಡ್ಡು ಕಟ್ಟಿ ಮರೆತಿರುತ್ತಾರೆ. ಗ್ಯಾಸ್ಕೆಟ್ ರಿಪೇರಿಗೆ ಮಾತ್ರ ಇನ್ಶೂರೆನ್ಸ್ ಆಸೆ ಇಟ್ಟುಕೊಳ್ಳಬೇಡಿ. ಸಾಮಾನ್ಯ ಪಾಲಿಸಿ ಅಪಘಾತಕ್ಕೆ, ತಾನಾಗಿ ಕೆಟ್ಟದ್ದಕ್ಕೆ ಅಲ್ಲ.

ಅಮ್ಮನ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ, ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೆಟ್ಟ ಗಾಡಿ ಕಾಯಬಹುದು, ವಯಸ್ಸಾದವರು ಕಾಯಲಾರರು. ಗಿರಿಯ ಮೇಲೆ ಜನವರಿಯ ಬಿಸಿಲು ಚುರುಕು, ಗಾಳಿ ಕೊರೆಯುವಷ್ಟು ತಣ್ಣಗೆ, ಹುಲ್ಲುಗಾವಲಿನಲ್ಲಿ ಕೂರಲು ಒಂದು ನೆರಳಿಲ್ಲ. ಗಾಡಿ ಪೂರ್ತಿ ರಸ್ತೆಯಿಂದ ಕೆಳಗಿದ್ದು, ತಿರುವಿನಲ್ಲಿ ಇಲ್ಲದೆ, ಮಂಜೂ ಇಲ್ಲದಿದ್ದರೆ ಅಮ್ಮ ಒಳಗೆ ಕೂತರೆ ತೊಂದರೆಯಿಲ್ಲ. ಗಾಡಿಯ ಒಂದು ಚಕ್ರ ಡಾಂಬರಿನ ಮೇಲಿದ್ದರೂ ಎಲ್ಲರೂ ಇಳಿಯಬೇಕು, ಬರೆಯ ಕಡೆಗೆ, ಗಾಡಿಯಿಂದ ನಾಲ್ಕು ಮಾರು ಆಚೆ. ಮಕ್ಕಳನ್ನು ಗಾಡಿಯ ಹಿಂದೆ ನಿಲ್ಲಿಸಿ ಕೈ ಬೀಸಲು ಹೇಳುವವರನ್ನು ನೋಡಿದ್ದೇನೆ, ಹೊಟ್ಟೆ ಕಿವುಚಿದಂತಾಗುತ್ತದೆ. ತ್ರಿಕೋನದ ಬೋರ್ಡು ಡಿಕ್ಕಿಯಲ್ಲೇ ಇರುತ್ತದೆ, ಅದನ್ನು ಹಿಂದಿನ ತಿರುವಿಗೂ ಮುಂಚೆ ಇಡಿ, ಗಾಡಿಗೆ ಒರಗಿಸಿ ಇಟ್ಟರೆ ಪ್ರಯೋಜನವಿಲ್ಲ. ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲು ಎತ್ತಿ ಪಕ್ಕಕ್ಕೆ ಹಾಕಿ. ರಾತ್ರಿ ಬೈಕಿನವನು ಬೀಳುವುದು ಬಿಟ್ಟುಹೋದ ಕಲ್ಲಿಗೇ.

ಅರ್ಧ ಗಂಟೆಯಲ್ಲಿ ಸರಿಹೋಗುವ ಲಕ್ಷಣ ಇಲ್ಲದಿದ್ದರೆ ಅಮ್ಮ, ಮಕ್ಕಳು, ಮನೆಯವರನ್ನು ಮೊದಲು ಕೆಳಗೆ ಕಳಿಸಿಬಿಡಿ. ಕೈಮರಕ್ಕೆ ಇಳಿಯುವ ಯಾವುದಾದರೂ ಕುಟುಂಬದ ಗಾಡಿ ಕೈ ಅಡ್ಡ ಹಾಕಿದರೆ ನಿಲ್ಲುತ್ತದೆ, ನಮ್ಮ ಕಡೆ ಜನ ಇನ್ನೂ ಅಷ್ಟು ಕೆಟ್ಟಿಲ್ಲ. ಹತ್ತಿಸುವಾಗ ಗಾಡಿಯ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ, ಅವರ ಎದುರಿಗೇ, ಯಾರೂ ತಪ್ಪು ತಿಳಿಯುವುದಿಲ್ಲ. ಮನೆಯವರನ್ನು ಕಳಿಸಿದ ಮೇಲೆ ನಿಮ್ಮ ತಲೆಯೂ ಸರಿಯಾಗಿ ಓಡುತ್ತದೆ. ನೀವು ಅವತ್ತು ಮಾಡಿದ್ದೆಲ್ಲ, ಕ್ಯಾಪ್ ಬಿಚ್ಚಲು ಒಪ್ಪಿದ್ದು, ಇಪ್ಪತ್ತೇ ನಿಮಿಷಕ್ಕೆ ಹೊರಟಿದ್ದು, ನ್ಯೂಟ್ರಲ್‌ನಲ್ಲಿ ಇಳಿಸಿದ್ದು, ಅಮ್ಮನನ್ನು ಬೇಗ ಮನೆ ಸೇರಿಸಬೇಕೆಂಬ ಅವಸರಕ್ಕೆ ಮಾಡಿದ್ದು. ಅಮ್ಮ ಮೊದಲೇ ಕೈಮರದಲ್ಲಿ ಚಹಾ ಕುಡಿಯುತ್ತಾ ಕೂತಿದ್ದರೆ ನೀವು ಗಂಟೆಗಟ್ಟಲೆ ಕಾಯುತ್ತಿದ್ದಿರಿ.

ಮಾತ್ರೆ, ನೀರು, ಶಾಲು ಮೂರೂ ಅಮ್ಮನ ಕೈಚೀಲದಲ್ಲಿರಲಿ. ಗಿರಿಯ ಮಡಿಕೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಆದರೆ 112ಕ್ಕೆ ನಿಮ್ಮದಲ್ಲದ ಕಂಪನಿಯ ಸಿಗ್ನಲ್ ಇದ್ದರೂ ಕರೆ ಹೋಗಬಹುದು, ಪ್ರಯತ್ನಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ, ಉದಾಹರಣೆಗೆ ಸಕಲೇಶಪುರದ ಕಡೆಯ 75ರಲ್ಲಿ, 1033 ಇದೆ. ಜಾಗ ಹೇಳುವಾಗ "ಗಿರಿ ರಸ್ತೆಯಲ್ಲಿದ್ದೇವೆ" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ದಾಟಿದ ಕಿಲೋಮೀಟರ್ ಕಲ್ಲು, ತೋಟದ ಗೇಟಿನ ಹೆಸರು ಹೇಳಿ.

ಒಂದು ಕಡೆ ಮಾತ್ರ ನಾನು ಇದಕ್ಕೆ ತದ್ವಿರುದ್ಧ ಹೇಳುತ್ತೇನೆ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯೋ, ಆಲೂರು ಸಕಲೇಶಪುರದ ತೋಟದ ರಸ್ತೆಯಲ್ಲೋ ಕತ್ತಲಾಗುವ ಹೊತ್ತಿಗೆ ಗಾಡಿ ಕೆಟ್ಟರೆ ಇಳಿದು ಓಡಾಡಬೇಡಿ. ಅಲ್ಲಿ ಆನೆ ರಸ್ತೆಗೆ ಬರುತ್ತದೆ. ಗಾಡಿ ಬದಿಗೆ ಹಾಕಿ, ಪಾರ್ಕಿಂಗ್ ಲೈಟ್ ಹಚ್ಚಿ, ಬಾಗಿಲು ಮುಚ್ಚಿ ಒಳಗೇ ಕೂತು ಫೋನ್ ಮಾಡಿ. ಹತ್ತಿರದ ತೋಟದವರಿಗೆ ಆನೆ ಅವತ್ತು ಎಲ್ಲಿದೆ ಎಂಬ ಸುದ್ದಿ ಇರುತ್ತದೆ. ಮಳೆಗಾಲವಾದರೆ ಇಂಬಳಗಳ ಕಾಟ ಬೇರೆ, ಅದಕ್ಕೆ ಸಾಯುವುದಿಲ್ಲ ಬಿಡಿ.

ಇನ್ನು ರಿಪೇರಿಯೋ ಮಾರಾಟವೋ. ಮೊದಲು ಗ್ಯಾಸ್ಕೆಟ್ ನಿಜವಾಗಿ ಹೋಗಿದೆಯೇ ಖಚಿತ ಮಾಡಿಕೊಳ್ಳಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಕೆನೆ ತೋರಿಸಿ "ನೋಡಿ, ನೀರು ಸೇರಿದೆ" ಅನ್ನುವವರಿದ್ದಾರೆ. ಮಲೆನಾಡಿನ ಚಳಿಗೆ, ದಿನಾ ಎರಡೇ ಕಿಲೋಮೀಟರ್ ಓಡುವ ಗಾಡಿಗಳಲ್ಲಿ ಮುಚ್ಚಳದ ಕೆಳಗೆ ಇಬ್ಬನಿ ಕಟ್ಟಿ ಸ್ವಲ್ಪ ಕೆನೆ ಬರುವುದು ಸಾಮಾನ್ಯ, ಅದೊಂದೇ ಸಾಕ್ಷಿಯಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿ. ಅದರ ತುದಿಯ ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲ್‌ಗೆ ನೀರು ಸೇರಿರುವುದರಲ್ಲಿ ಅನುಮಾನವಿಲ್ಲ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿ ನಾಲ್ಕೂ ಸಿಲಿಂಡರಿನ ಅಂಕಿ ಬರೆದು ಕೊಡಲು ಕೇಳಿ, ಮೂರು ಸಿಲಿಂಡರಿನದಾದರೆ ಮೂರರದ್ದು. ಪಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಬಂದರೆ ಗ್ಯಾಸ್ಕೆಟ್ ಅವುಗಳ ನಡುವೆ ಸುಟ್ಟಿದೆ ಎಂದೇ ಸಾಮಾನ್ಯವಾಗಿ ಅರ್ಥ.

ಪೌಡರ್ ಬೇಡ. ಸಣ್ಣ ಸೋರಿಕೆ ಮುಚ್ಚುವ ಆ ಪುಡಿಗೆ ರೇಡಿಯೇಟರ್‌ನ ಸೀಳು ಯಾವುದು, ಕೂಲಂಟ್ ಹರಿಯುವ ಸಣ್ಣ ದಾರಿ ಯಾವುದು ಅಂತ ಗೊತ್ತಾಗುವುದಿಲ್ಲ, ಎರಡನ್ನೂ ಮುಚ್ಚುತ್ತದೆ. ಸುಟ್ಟ ಗ್ಯಾಸ್ಕೆಟ್‌ಗೆ ಅದು ನಾಲ್ಕು ದಿನದ ಮಾತು, ಆಮೇಲೆ ಹೀಟರ್, ರೇಡಿಯೇಟರ್ ಎರಡೂ ಕಟ್ಟಿಕೊಂಡು ಖರ್ಚು ಹೆಚ್ಚುತ್ತದೆ. ಅದನ್ನು ಹಾಕಿ ಹೇಳದೆ ಮಾರುವುದು ಇನ್ನೊಬ್ಬರ ಅಮ್ಮನನ್ನು ಅದೇ ತಿರುವಿನಲ್ಲಿ ಕೂರಿಸಿದ ಹಾಗೆ. ಎಂಜಿನ್ ಕಾಯುವವರೆಗೆ ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಕಿತ್ತುಹಾಕುವುದೂ ಹಳೇ ಕಾಲದ ಮಾತು. ಈಗಿನ ಎಂಜಿನ್ ತನಗೆ ಬೇಕಾದ ಬಿಸಿಗೆ ಬರದಿದ್ದರೆ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಹಳೆಯದು ತೆಗೆದು ಹೊಸ ಥರ್ಮೋಸ್ಟಾಟ್ ಹಾಕಿಸಿ, ದೊಡ್ಡ ಖರ್ಚಲ್ಲ.

ಗುಜರಿಯಿಂದ ಸೆಕೆಂಡ್ ಹ್ಯಾಂಡ್ ಹೆಡ್ ತರಿಸುವ ದಾರಿಯೂ ಇದೆ. ನಿಮ್ಮ ಹೆಡ್‌ನಲ್ಲಿ ಬಿರುಕು ಕಂಡರೆ ಮಾತ್ರ ಅದರ ಯೋಚನೆ, ಯಾಕೆಂದರೆ ಆ ಹೆಡ್ ಯಾವ ಘಾಟಿಯಲ್ಲಿ ಕುದಿದು ಬಂದಿದೆಯೋ ಗೊತ್ತಾಗುವುದಿಲ್ಲ.

ನಾನಾಗಿದ್ದರೆ ರಿಪೇರಿ ಮಾಡಿಸುತ್ತೇನೆ. 84,000 ಓಡಿದ ಪೆಟ್ರೋಲ್ ಎಂಜಿನ್‌ಗೆ ಇನ್ನೂ ಆಯಸ್ಸಿದೆ, ಆರ್‌ಸಿ 15 ವರ್ಷದ್ದು. 22,000ದ ಎಸ್ಟಿಮೇಟ್‌ನಲ್ಲಿ ಏನೇನಿದೆ ಕೇಳಿ. ಹೆಡ್ ಲೇತ್‌ಗೆ ಹೋಗಿ ಫೇಸಿಂಗ್ ಆಗಿ, ಅಂದರೆ ಅಡಿ ಸಮತಟ್ಟಾಗಿ, ಬರಬೇಕು, ಸೊಟ್ಟಗಾದ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಆರು ತಿಂಗಳಿಗೆ ಮತ್ತೆ ಇದೇ ರಾಮಾಯಣ. ಹೆಡ್ ಬೋಲ್ಟ್ ಒಮ್ಮೆ ಬಿಗಿದರೆ ಹಿಗ್ಗಿಹೋಗುವ ಮಾದರಿಯವಾದರೆ ಹೊಸವೇ ಆಗಬೇಕು. ರೇಡಿಯೇಟರ್ ಹೊಸದು ಸೇರಿದೆಯೇ? ಸೇರಿಲ್ಲದಿದ್ದರೆ ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟ ಹಾಗಾಯಿತು. ಆಯಿಲ್, ಕೂಲಂಟ್, ಮೇಲಿನ ಕೆಳಗಿನ ಹೋಸ್, ಕ್ಯಾಪ್ ಎಲ್ಲವೂ ಹೊಸದಾಗಲಿ. ಮೊತ್ತ ಇನ್ನೂ ಸ್ವಲ್ಪ ಮೇಲೆ ಹೋಗಬಹುದು, ಹೋಗಲಿ.

ಹಳೇ ಕಾರಿನಲ್ಲಿ ಗಿರಿ ಹತ್ತಬಾರದು ಎಂಬುದನ್ನು ನಾನು ಒಪ್ಪುವುದಿಲ್ಲ. ನನ್ನ ಗಿರಾಕಿಗಳಲ್ಲಿ 20 ವರ್ಷದ ಜೀಪುಗಳು ವಾರಕ್ಕೆ ಮೂರು ಸಲ ತೋಟಕ್ಕೆ ಹತ್ತಿ ಇಳಿಯುತ್ತವೆ. ಹಿಂದಿನ ಸಂಜೆ ಎಂಜಿನ್ ತಣ್ಣಗಿರುವಾಗ ರಿಸರ್ವಾಯರ್ ಮಟ್ಟ ನೋಡಿ. ತಿಂಗಳಿಗೊಮ್ಮೆ ತುಂಬಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ. ಸ್ಟಾರ್ಟ್ ಮಾಡಿ ಎಸಿ ಹಾಕಿ, ಹೆಚ್ಚಿನ ಕಾರುಗಳಲ್ಲಿ ಒಂದು ನಿಮಿಷದೊಳಗೆ ಮುಂದಿನ ಫ್ಯಾನ್ ತಿರುಗುವ ಸದ್ದು ಕೇಳಬೇಕು. ಕೇಳದಿದ್ದರೆ ಗಿರಿ ಬಿಟ್ಟು ಹಳೇಬೀಡಿಗೆ ಹೋಗಿ ಬನ್ನಿ. ಏರಿನಲ್ಲಿ ಮೂರನೇ ಗೇರಿನಲ್ಲಿ ಎಂಜಿನ್ ಗುದ್ದಾಡುವಂತೆ ಎಳೆಸಬೇಡಿ, ಎರಡಕ್ಕೆ ಇಳಿಸಿ. ಎಂಜಿನ್ ತಿರುಗಿದಷ್ಟೂ ವಾಟರ್ ಪಂಪ್ ಹೆಚ್ಚು ನೀರು ತಳ್ಳುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದು ಸುಳ್ಳು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಷನ್ ಗಾಡಿ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಕುಡಿಯುತ್ತಲೇ ಇರುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ.

ತಪ್ಪು ಯಾರದು ಅಂತ ಕೇಳಿದ್ದಿರಿ. ಸೀಳಿದ ಟ್ಯಾಂಕ್ ಕಾಣದ ಸರ್ವಿಸ್‌ನವರದು ಸ್ವಲ್ಪ, ಹುರುಳಿಯದು ಸ್ವಲ್ಪ, ಮುಳ್ಳನ್ನು ನಂಬಿದ ನಿಮ್ಮದು ಹೆಚ್ಚು. ಮನೆಯವರದು ಚೂರೂ ಇಲ್ಲ. ಅದನ್ನು ಅವರಿಗೆ ನೀವೇ ಹೇಳಿ, ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಬೇಡಿ. ಗಾಡಿ ರಿಪೇರಿಯಾದ ಮೇಲೆ ಒಮ್ಮೆಗೇ ಗಿರಿಗೆ ಕರೆಯಬೇಡಿ. ಮೊದಲು ನೀವೊಬ್ಬರೇ ಹಾಸನದಿಂದ ಬೇಲೂರಿಗೆ ಹೋಗಿ, ಗಾಡಿ ತಣ್ಣಗಾದ ಮೇಲೆ ಕೂಲಂಟ್ ಮಟ್ಟಕ್ಕೆ ಡಬ್ಬಿಯ ಮೇಲೆ ಪೆನ್ನಿನಿಂದ ಗುರುತು ಹಾಕಿ. ಒಂದು ವಾರ ಅದು ಅಲ್ಲೇ ನಿಂತರೆ ಮನೆಯವರನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಹೋಗಿ, ವಾಸನೆ ಇದೆಯೇ ಕೇಳಿ.

ಗ್ಯಾರೇಜಿನವರಿಂದ ಹಳೇ ಗ್ಯಾಸ್ಕೆಟ್ ಕೇಳಿ ತೆಗೆದುಕೊಳ್ಳಿ. ಎಲ್ಲೋ ಒಂದು ಕಡೆ, ಹೆಚ್ಚಾಗಿ ಎರಡು ಸಿಲಿಂಡರ್ ತೂತುಗಳ ನಡುವಿನ ಸಣ್ಣ ಪಟ್ಟಿ, ಕಪ್ಪಾಗಿ ತಿಂದುಹೋಗಿರಬೇಕು. ಹಾಗಿಲ್ಲದೆ ಹೊಸದರಂತೆ ಹೊಳೆಯುತ್ತಿದ್ದರೆ ಬಿಲ್ ಕಟ್ಟುವ ಮೊದಲು ಫೋಟೋ ತೆಗೆದು ನನಗೆ ಕಳಿಸಿ.